ಮಾವ ತೋಡಿಸಿದ ಗುಂಡಿ

ಅಜ್ಜಂಪುರ
೧೭ ನವೆಂಬರ್ ೨೦೨೫, ಸೋಮವಾರ

ಮೊಣಕಾಲಿಗೆ ಮೆತ್ತಿದ ಮಣ್ಣು ಎಷ್ಟು ತೊಳೆದ್ರೂ ಹೋದ ಹಾಗೆ ಅನ್ನಿಸ್ತಿಲ್ಲ.

ಸಂಜೆ ಟಿವಿಯಲ್ಲಿ ಒಂದು ಹಳೇ ಸಿನಿಮಾ ಬಂತು. ಅದರಲ್ಲೊಂದು ಹುಚ್ಚು ಸಂಸಾರ, ಸತ್ತ ತಾತನನ್ನ ಕುರ್ಚಿ ಮೇಲೆ ಕೂರಿಸಿ ದಿನಾ ಊಟ ಬಡಿಸ್ತಾರೆ. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸ್ಕೊಂಡು, "ಇಂಥ ಮನೆಗಳೂ ಇರ್ತವೇನೇ ಅಶ್ವಿನಿ?" ಅಂದ್ರು. ಇದೇ ಅತ್ತೆ ಬೆಳಿಗ್ಗೆ ಗುಂಡಿಯೊಳಗೆ ಕೂತಿದ್ದ ಮಾವನಿಗೆ ಬಗ್ಗಿ ಕಾಫಿ ಲೋಟ ಕೊಟ್ಟಿದ್ರು.

ನಮ್ಮಲ್ಲಿ ಸತ್ತವರನ್ನ ಕೂರಿಸಿಯೇ ಮಣ್ಣು ಮಾಡೋದು, ಸರಿ. ಆದ್ರೆ ಮಾವ ಈಗಲೇ ತೋಟದ ಮೂಲೇಲಿ ತಮ್ಮ ಗುಂಡಿ ತೋಡಿಸಿಟ್ಟು, ಪ್ರತಿ ಸೋಮವಾರ ಪೂಜೆ ಮುಗಿಸಿ ಒಳಗಿಳಿದು ಚಕ್ಕಳಮಕ್ಕಳ ಹಾಕಿ ಕೂತು ನೋಡ್ತಾರೆ. ಮಳೆ ನೀರು ಬೀಳದಿರಲಿ ಅಂತ ನನ್ನ ಗಂಡ ಕಲ್ಲೇಶ್ ಮೇಲೆ ಶೀಟ್ ಹಾಕಿಸಿದ್ದಾರೆ. ಇದಕ್ಕೆ ಮಾತ್ರ ಯಾರೂ ನಗಲ್ಲ.

ಮಧ್ಯಾಹ್ನ ಧೈರ್ಯ ಮಾಡಿ ಮಾವನಿಗೆ ಹೇಳಿದೆ, ತರೀಕೆರೆ ಸ್ಕೂಲಲ್ಲಿ ನನಗೆ ಕೆಲಸ ಸಿಕ್ಕಿದೆ, ನಾವಿಬ್ರೂ ಅಲ್ಲೇ ಮನೆ ಮಾಡ್ತೀವಿ ಅಂತ. ಅವರು ಬೈಯಲಿಲ್ಲ. "ಬಾರಮ್ಮ" ಅಂತ ತೋಟಕ್ಕೆ ಕರ್ಕೊಂಡು ಹೋದ್ರು. ಅವರ ಗುಂಡಿ ಪಕ್ಕ ಸಾಲಾಗಿ ಹೊಸದು ಮೂರು.

"ಕೊನೇದು ನಿಂದು ಕಣಮ್ಮ. ಎಲ್ಲಿಗೆ ಹೋದ್ರೂ ಇಲ್ಲಿಗೇ ಬರಬೇಕಲ್ಲ. ಇಳಿದು ನೋಡು."

ಕಿರುಚಬೇಕಿತ್ತು. ಬಸ್ ಸ್ಟ್ಯಾಂಡಿಗೆ ಓಡಬೇಕಿತ್ತು. ನಾನು ಚಪ್ಪಲಿ ಬಿಟ್ಟು ಇಳಿದೆ, ಕೂತೆ. ಆಮೇಲೆ ನನ್ನ ಬಾಯಿಂದಲೇ ಬಂತು: "ಮೊಣಕಾಲು ತಾಗುತ್ತೆ ಮಾವ."

ನಾಳೆ ಅಗಲ ಮಾಡಿಸ್ತಾರಂತೆ. ಕೇಳಿ ನನಗೆ ಸಮಾಧಾನ ಆಗಿಬಿಡ್ತು.