ಮೂರನೇ ಸಾಲಿನ ಉಸಿರು

ಮಾರ್ಚ್ ೧೪, ಗುರುವಾರ

ಸಂಜೆ ತಂಗಿಯ ಫೋನು. "ಅಣ್ಣಾ, ಬೇಗ ರೇಡಿಯೋ ಹಾಕು, ನನ್ನ ಮಗ ಸ್ಯಾಕ್ಸೊಫೋನ್ ನುಡಿಸ್ತಿದಾನೆ."

ನುಡಿಸಿದ್ದು ನಾನು ಕಟ್ಟಿದ ಟ್ಯೂನು. ಅವನಿಗೆ ಕಲಿಸಿದವನೂ ನಾನೇ. ಇದು ಹೇಗೆ ಹುಟ್ಟಿತು ಎಂದು ರೇಡಿಯೋದವರು ಕೇಳಿದರು. "ಒಂದಿನ ಕಿಟಕಿ ಹತ್ರ ಕೂತಿದ್ದೆ, ತಾನಾಗೇ ಬಂತು" ಎಂದುಬಿಟ್ಟ.

ಮೂರನೇ ಸಾಲಿನ ನಡುವೆ ಒಂದು ಉಸಿರಿದೆ. ಅದು ಟ್ಯೂನಿನದಲ್ಲ, ನನ್ನದು. ಕಟ್ಟಿದ ವರ್ಷ ನ್ಯುಮೋನಿಯಾ ಆಗಿ ಎದೆಯಲ್ಲಿ ದಮ್ಮಿರಲಿಲ್ಲ, ಸಾಲು ಮುಗಿಯುವ ಮೊದಲೇ ನಿಲ್ಲುತ್ತಿದ್ದೆ. ಕುದುರೆಯಂಥ ಎದೆಯ ಅವನೂ ಇವತ್ತು ಸರಿಯಾಗಿ ಅಲ್ಲೇ ಉಸಿರೆಳೆದ. ನನ್ನ ಏದುಸಿರನ್ನೂ ಬಿಡದೆ ಕಲಿತವನಿಗೆ ನನ್ನ ಹೆಸರೊಂದು ನೆನಪಾಗಲಿಲ್ಲ.

ತಂಗಿ ಮತ್ತೆ ಫೋನ್ ಮಾಡಿದಳು. "ಅವನು ಮಾತಾಡೋವಾಗಲೇ ಬಾಗಿಲಿಗೆ ಯಾರೋ ಬಂದ್ರು, ಕೇಳಿಸ್ಲೇ ಇಲ್ಲ. ಮಾವನ ಹೆಸರು ಹೇಳಿದ್ನಾ?"

"ಹೇಳಿದ" ಎಂದೆ.

"ಹೇಳ್ದೆ ಇರ್ತಾನಾ, ನಿನ್ನ ತೊಡೆ ಮೇಲೆ ಬೆಳೆದವನು" ಎಂದು ಮೂಗೆಳೆದುಕೊಂಡಳು.

ಇಷ್ಟು ಹೊತ್ತಿಗೆ ಅವಳು ಅವನಿಗೂ ಫೋನ್ ಮಾಡಿ, ಮಾವನನ್ನು ನೆನೆದೆಯಲ್ಲ ಎಂದು ಮೆಚ್ಚಿಕೊಂಡಿರುತ್ತಾಳೆ. ಅವನು ಹೌದಮ್ಮ ಎಂದಿರುತ್ತಾನೆ. ಅನ್ನುವ ಮೊದಲು ಒಂದು ಉಸಿರಿನಷ್ಟಾದರೂ ನಿಂತನೋ, ಇಲ್ಲವೋ.