ಪ್ರೇಮಲತಾಳ ಫೋಟೊ ಇಳಿಸಿ, ಬುಷ್ರಾಳನ್ನು ಕರೆಸಿ

‘ಹಗುರ ಹೆಜ್ಜೆ’ ತೂಕ ಇಳಿಕೆ ಅಭಿಯಾನದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕಚೇರಿಯ ಅಂಜಿನಪ್ಪ ಆರೋಗ್ಯವಾಗಿದ್ದಾನೆಯೇ? ಆವತ್ತು ನನಗೆ ಕುರ್ಚಿ ಎಳೆದುಕೊಟ್ಟು ನೀರು ತಂದವನು ಅವನೊಬ್ಬನೇ. ಕಂಪ್ಯೂಟರ್ ಮುಂದೆ ಕೂರುವ ರಶ್ಮಿತಾಳ ಬೆನ್ನುನೋವು ಕಡಿಮೆಯಾಯಿತೇ? ನೀವು ಹೇಗಿದ್ದೀರೆಂದು ಕೇಳುವುದಿಲ್ಲ. ಹರಿಹರದಿಂದ ದಾವಣಗೆರೆಯವರೆಗೆ ಫ್ಲೆಕ್ಸುಗಳಲ್ಲಿ ನಗುತ್ತ ನಿಂತಿದ್ದೀರಿ, ಚೆನ್ನಾಗಿಯೇ ಇರುತ್ತೀರಿ. ಆ ಫ್ಲೆಕ್ಸಿನಲ್ಲಿ ನಿಮ್ಮ ಪಕ್ಕ ‘ಮೊದಲು’, ‘ಈಗ’ ಎಂದು ಎರಡು ಸಲ ನಿಂತಿರುವವಳು ನನ್ನ ತಂಗಿಯ ಮಗಳು ಪ್ರೇಮಲತಾ. ಅವಳ ತೂಕ ಇಳಿಯಲು ಕಾರಣಳಾದ ಆಪ್ತಸಮಾಲೋಚಕಿಯನ್ನು ಕೆಲಸದಿಂದ ತೆಗೆದಿರಿ. ಫೋಟೊ ಮಾತ್ರ ಉಳಿಸಿಕೊಂಡಿರಿ. ನನ್ನ ತಕರಾರು ಇದೇ.

ಪ್ರೇಮಲತಾಳ ಸಂಗತಿಯನ್ನು ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಫೋಟೊ ಹಾಕುವಾಗ ನೀವು ಕೇಳಿರಲಿಲ್ಲ. ಅವಳ ಗಂಡ ತಿಮ್ಮೇಶ್ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಎದೆನೋವು ಬಂದು ಒಂದೇ ದಿನದಲ್ಲಿ ಹೋದ. ಅಂದಿನಿಂದ ಹುಡುಗಿ ಊದುತ್ತಲೇ ಹೋದಳು. ಮಂಡಿ ಹಿಡಿಯಿತು, ಸಕ್ಕರೆ ಕಾಯಿಲೆ ಬಂತು. ನಿಮ್ಮ ಅಭಿಯಾನದವರು ಊಟದ ಪಟ್ಟಿ ಕೊಟ್ಟರು. ಮಾಡಿದಳು, ಇಳಿದಳು, ಮತ್ತೆ ಏರಿದಳು. ಇನ್ನೊಂದು ಪಟ್ಟಿ ಕೊಟ್ಟರು. ಮತ್ತೆ ಅದೇ. ಪ್ರತಿ ಸಲವೂ ನಿಮ್ಮವರು ಬೈದರು. ಬೈಗುಳ ಕೇಳಿ ಮನೆಗೆ ಬಂದವಳು ಇನ್ನಷ್ಟು ತಿಂದಳು. ಏನು ತಿನ್ನಬೇಕೆಂದು ಹೇಳಲು ಇಷ್ಟೊಂದು ಜನರಿದ್ದರಲ್ಲ ಮಾನ್ಯರೇ, ಯಾಕೆ ತಿನ್ನುತ್ತಿದ್ದೀಯೆ ಎಂದು ಕೇಳಲು ಒಬ್ಬರಿಗೂ ಬಾಯಿರಲಿಲ್ಲವೇ?

ಕೇಳಿದವಳು ಬುಷ್ರಾ. ನಿಮ್ಮ ಕಟ್ಟಡದ ಕೊನೆಯ ಕೋಣೆಯಲ್ಲಿ ಕೂರುತ್ತಿದ್ದ ಆಪ್ತಸಮಾಲೋಚಕಿ. ಮನಸ್ಸಿನ ವಿದ್ಯೆ ಓದಿಕೊಂಡು ಬಂದವಳು. ನಾನೂ ಜೊತೆಗಿದ್ದೆ. ಒಂದಷ್ಟು ದಿನ ಊಟದ ಸುದ್ದಿಯನ್ನೇ ಅವಳು ಎತ್ತಲಿಲ್ಲ. ಆಮೇಲೊಂದು ದಿನ ಕೇಳಿದಳು: “ಅಡಿಗಿ ಆದ್ಮ್ಯಾಲೆ ಮೊದಲ್ನೇ ತಟ್ಟೆ ಯಾರಿಗೆ ಹಾಕ್ತೀರಿ ಅಕ್ಕ?”

ಪ್ರೇಮಲತಾ ತಲೆ ತಗ್ಗಿಸಿ ಅಂದಳು, “ಅವ್ರಿಗೆ.”

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಇಟ್ಟ ಎಡೆಯನ್ನು ಚೆಲ್ಲುವುದಿಲ್ಲ, ಮನೆಯವರೇ ಉಣ್ಣುತ್ತೇವೆ. ಅದು ವರ್ಷಕ್ಕೊಮ್ಮೆ. ಈ ಹುಚ್ಚಿ ದಿನಾ ಎರಡು ಹೊತ್ತು ತಿಮ್ಮೇಶನಿಗೆ ತಟ್ಟೆ ತುಂಬಿ ಇಟ್ಟು, ಆರಿದ ಮೇಲೆ ಅದನ್ನೂ ತಾನೇ ಉಣ್ಣುತ್ತಿದ್ದಳು. ದುಡಿಯುವ ಗಂಡಸಿನ ಊಟ, ರೊಟ್ಟಿ, ಮುದ್ದೆ, ಅನ್ನ ಎಲ್ಲ. ಪಟ್ಟಿಯ ಪ್ರಕಾರ ತನ್ನ ಪಾಲನ್ನು ಅವಳು ಚಾಚೂ ತಪ್ಪದೆ ತಿನ್ನುತ್ತಿದ್ದಳು. ಗಂಡನ ಪಾಲು ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ.

ಬುಷ್ರಾ ನಗಲಿಲ್ಲ, ಬೈಯಲಿಲ್ಲ, ಇದು ಮೂಢನಂಬಿಕೆ ಎಂದು ಭಾಷಣವನ್ನೂ ಬಿಗಿಯಲಿಲ್ಲ. “ತಟ್ಟೆ ಇಡೋದು ಬಿಡಬ್ಯಾಡ್ರಿ ಅಕ್ಕ. ಒಂದೇ ತುತ್ತು ಇಡ್ರಿ. ಇಟ್ಟು, ಅವ್ರತ್ರ ಏನ್ ಹೇಳ್ಬೇಕು ಅನ್ಸುತ್ತೋ ಹೇಳ್ರಿ. ಅಲ್ಲಿ ಆಗ್ಲಿಲ್ಲಂದ್ರ ಇಲ್ಲಿ ಬಂದು ಹೇಳ್ರಿ” ಎಂದಳು.

ಅಲ್ಲಿಂದ ಶುರುವಾಯಿತು. ಪ್ರೇಮಲತಾ ಆ ಕೋಣೆಯಲ್ಲಿ ಅತ್ತಳು, ಗಂಡನನ್ನೇ ಬೈದಳು, ಕೊನೆಗೆ ನಕ್ಕಳು ಕೂಡ. ತಿಮ್ಮೇಶನ ಆ ವರ್ಷದ ತಿಥಿ ಬಂದಾಗ ಮತ್ತೆ ತಟ್ಟೆ ತುಂಬಿತು. ಓಡಿಹೋಗಿ ಬುಷ್ರಾಳಿಗೆ ಹೇಳಿದಳು. “ಹೋದ್ಸಲ ಬಚ್ಚಿಟ್ಟಿದ್ರಿ, ಈ ಸಲ ಹೇಳಿದ್ರಲ್ಲ, ಇಷ್ಟು ಸಾಕು” ಎಂದು ಬುಷ್ರಾ ಬೆನ್ನು ತಟ್ಟಿ ಕಳಿಸಿದಳು. ಎಡವಿದವಳನ್ನು ಎಬ್ಬಿಸುವವರಿದ್ದರು, ಅದಕ್ಕೇ ಈ ಬಾರಿ ಇಳಿದ ತೂಕ ಇಳಿದೇ ಉಳಿಯಿತು. ನೀವು ಕ್ಯಾಮೆರಾ ತಂದದ್ದು ಆಗಲೇ.

ಆಮೇಲೆ ಬುಷ್ರಾಳ ಕೋಣೆಗೆ ಬಣ್ಣದ ಪರದೆ ಕಟ್ಟಿ, ತೆಳ್ಳಗಾದವರು ನಿಂತು ಸೆಲ್ಫಿ ತೆಗೆದುಕೊಳ್ಳುವ ಜಾಗ ಮಾಡಿದಿರಿ. ಆಹಾ, ಎಂಥ ದೂರದೃಷ್ಟಿ! ತೆಳ್ಳಗೆ ಮಾಡುವವಳನ್ನು ಓಡಿಸಿ, ಅಲ್ಲಿ ಯಾರ ಫೋಟೊ ತೆಗೆಯುತ್ತೀರಿ? ಇದನ್ನೇ ಕೇಳಲು ನಾನು ಬಂದಾಗ, ಕಡತದಿಂದ ತಲೆ ಎತ್ತದೆ ಹೇಳಿದಿರಿ:

“ಏನಜ್ಜಿ, ಹರಟೆ ಹೊಡೆದ್ರೆ ಕೊಬ್ಬು ಕರಗುತ್ತಾ? ಬಾಯಿ ಕಟ್ಟಬೇಕು, ಅಷ್ಟೇ. ಇಚ್ಛಾಶಕ್ತಿ ಬೇಕು.”

“ಬಾಯಿ ಕಟ್ಕಂಡೇ ಕುಂತಿದ್ಲು ಸಾಹೇಬ್ರ. ಅದ್ಕೇ ಹಂಗಾಗಿತ್ತು” ಎಂದೆ ನಾನು.

“ಅಂಜಿನಪ್ಪಾ, ಇವ್ರನ್ನ ಹೊರಗೆ ಕಳ್ಸು” ಎಂದಿರಿ.

ಹೋದ ಸೋಮವಾರ ದಾವಣಗೆರೆಯ ಎಸ್.ಎಸ್. ಬಡಾವಣೆಯ ಪ್ರೇಮಲತಾಳ ಮನೆಗೆ ಹೋಗಿದ್ದೆ. ತಟ್ಟೆ ಮತ್ತೆ ತುಂಬಿದೆ, ಪಾದ ಊದಿದೆ. “ಬಿಡವ್ವ, ಸಾಕು” ಎಂದರೆ, “ಚೆಲ್ಲಲೇನ್ ದೊಡ್ಡವ್ವ? ಅವ್ರ ಊಟ ಐತೆ” ಎನ್ನುತ್ತಾಳೆ. ಸಂತೆಗೂ ಹೋಗುವುದಿಲ್ಲವಂತೆ. ಯಾಕೆಂದರೆ ಸರ್ಕಲ್ಲಿನಲ್ಲಿ ನಿಮ್ಮ ಫ್ಲೆಕ್ಸ್ ಇದೆ. ಅದರ ಕೆಳಗೇ ಯಾರೋ ಕೂಗಿದರಂತೆ, “ಏನ್ ಪ್ರೇಮಕ್ಕ, ಮ್ಯಾಲೆ ಹಂಗದೀರಿ, ಕೆಳಗೆ ಹಿಂಗದೀರಿ!” ಅವಳ ಗೆಲುವನ್ನು ಕಿತ್ತುಕೊಂಡದ್ದಲ್ಲದೆ ಆ ಗೆಲುವಿನ ಫೋಟೊದಿಂದಲೇ ಅವಳಿಗೆ ದಿನಾ ಹೊಡೆಯುತ್ತಿದ್ದೀರಿ.

ನನಗೆ ಸಿಟ್ಟಿದೆ ಮಾನ್ಯರೇ. ನ್ಯಾಯ ಸಿಕ್ಕಿದರೆ ಸಾಕೆಂದು ಸುಮ್ಮನಾಗುವ ಸಿಟ್ಟಲ್ಲ, ನಿಮ್ಮ ಮುಖ ಚಿಕ್ಕದಾಗುವುದನ್ನು ಕಣ್ಣಾರೆ ನೋಡಬೇಕೆನ್ನುವ ಸಿಟ್ಟು. ದೆವ್ವ ಬಿಡಿಸುವ ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹೋಗಿ ದೂರು ಕೊಡೋಣವೆಂದುಕೊಂಡೆ. ಅಲ್ಲಿ ಮೊದಲೇ ಗದ್ದಲ, ನಿಮ್ಮ ಸರದಿ ಬರುವುದು ತಡವಾದೀತು. ಅದಕ್ಕೇ ನಾನೇ ಬರುತ್ತೇನೆ. ಬರುವ ತಿಂಗಳು ಅಭಿಯಾನದ ಯಶಸ್ಸಿಗೆಂದು ನಿಮಗೆ ಸನ್ಮಾನವಿದೆಯಂತೆ. ಶಾಲು ಹೊದಿಸುವ ಹೊತ್ತಿಗೆ ಪ್ರೇಮಲತಾ ವೇದಿಕೆ ಹತ್ತುತ್ತಾಳೆ. ಮೊದಲು ಬೇಡವೆಂದಳು. “ನನ್ನ ನೋಡಿ ನಗ್ತಾರೆ ದೊಡ್ಡವ್ವ” ಎಂದಳು. “ನಗ್ಲಿ ಬಿಡು. ನೀನು ಮಾತು ಮುಗಿಸೋ ಹೊತ್ತಿಗೆ ಯಾರನ್ನ ನೋಡಿ ನಗ್ತಾರೋ ನೋಡೋಣ” ಎಂದೆ. ಒಪ್ಪಿದ್ದಾಳೆ. ನಿಮ್ಮ ಪಟ್ಟಿಯಿಂದ ಇಳಿದು ಮತ್ತೆ ಏರಿದ ಇನ್ನಷ್ಟು ಹೆಣ್ಣುಮಕ್ಕಳೂ ಮುಂದಿನ ಸಾಲಿನಲ್ಲೇ ಕೂರುತ್ತಾರೆ.

ತಪ್ಪಿಸಿಕೊಳ್ಳುವ ದಾರಿ ಒಂದೇ. ಆ ಪರದೆ ಬಿಚ್ಚಿ ಕೋಣೆ ಬಿಟ್ಟುಕೊಡಿ. ಬುಷ್ರಾಳನ್ನು ಖಾಯಂ ಆಗಿ ನೇಮಿಸಿ. ಪ್ರೇಮಲತಾಳ ಫೋಟೊ ಎಲ್ಲ ಕಡೆಯಿಂದ ಇಳಿಸಿ ಅವಳ ಕ್ಷಮೆ ಕೇಳಿ. ಅವಳು ಕ್ಷಮಿಸಿಯಾಳು, ಮೆದು ಮನಸ್ಸಿನವಳು. ನನ್ನಿಂದ ಅದನ್ನು ನಿರೀಕ್ಷಿಸಬೇಡಿ.

ಉತ್ತರವನ್ನು ನನಗಲ್ಲ, ಅವಳಿಗೇ ಬರೆಯಿರಿ. ರಶ್ಮಿತಾಳಿಂದ ಟೈಪ್ ಮಾಡಿಸದೆ ನಿಮ್ಮ ಕೈಯಾರೆ ಬರೆಯಿರಿ. ಸನ್ಮಾನಕ್ಕೆ ಮುಂಚೆ ಬರೆದರೆ ಅದನ್ನು ಕ್ಷಮಾಪಣೆ ಎಂದು ಓದುತ್ತೇವೆ, ಆಮೇಲೆ ಬರೆದರೆ ಹೆದರಿಕೆ ಎಂದು. ಯಾವುದಾದರೂ ಸರಿ, ಬೇಗ ಬರೆಯಿರಿ.

ಇಂತಿ,
ಕರೆಯದಿದ್ದರೂ ನಿಮ್ಮ ಸನ್ಮಾನಕ್ಕೆ ಬರಲಿರುವ
ಮೈಲಮ್ಮ, ಹರಿಹರ