ಅಂಗಳಕ್ಕೆ ಬಂದ ನಾಯಿ

ಲಕ್ಷ್ಮೇಶ್ವರ, 3-11-1981

ಚಳಿಗಾಲದ ಗಾದಿ ಕೆಲಸ ಶುರು. ಬೆಳಿಗ್ಗೆಯಿಂದ ಅರಳೆ ಹಿಂಜಿದ ಧೂಳು, ಕೆಮ್ಮು. ಮಾಸುಮಬಿ ಒಳಕೋಣೆಯಲ್ಲಿ ಕೂತು ಗವಸು ಹೊಲಿದಳು. ನನ್ನ ಮಗಳ ಹೊಲಿಗೆಗೆ ಕೊಂಕು ಹೇಳುವವರಿಲ್ಲ. ಆದರೆ ಹೊಸ್ತಿಲು ದಾಟಿ ವರ್ಷವಾಯಿತು.

ಮುಂಡರಗಿಯಲ್ಲಿ, ಗಂಡನ ಮನೆಯ ಓಣಿಯಲ್ಲಿ ನಾಯಿ ಕಚ್ಚಿತು. ಹೊಟ್ಟೆಗೆ ಸೂಜಿ ಹಾಕಿಸಿದರು. ಗಾಯ ಮಾಯಿತು, ಹೆದರಿಕೆ ಮಾಯಲಿಲ್ಲ. ಮೊದಲು ಓಣಿ ಬಿಟ್ಟಳು, ಆಮೇಲೆ ಅಂಗಳ. ತವರಿಗೆ ಕಳಿಸಿದರು. ಇಲ್ಲಿಯೂ ಅಷ್ಟೇ. ಬಚ್ಚಲಿಗೆ ಹೋಗಬೇಕಾದರೂ ಬಡಿಗೆ ಹಿಡಿದು ನಾನು ಮುಂದೆ.

ಇಂದು ಅವಳ ಅತ್ತೆ ಶಮಶಾದಬಿ ಬಂದಿದ್ದಳು. ಚಹಾ ಮುಟ್ಟಲಿಲ್ಲ.

“ನೀರು ತರಾಕ ಹೊರಗ ಬರಲಾರದ ಸೊಸಿನ್ನ ಏನು ಕಪಾಟಿನ್ಯಾಗ ಇಡ್ಲೇನವಾ? ಜೋಳದ ರಾಶಿ ಮುಗಿಯೂ ತನಕ ನೋಡ್ತೀನಿ. ಆಮ್ಯಾಲ ಮಗಗ ಬ್ಯಾರೆ ಹೆಣ್ಣು ತರ್ತೀನಿ.”

“ನಿಮ್ಮ ಮನ್ಯಾಗ ಕಪಾಟ ಯಾವಾಗ ಬಂತು? ನಾ ನೋಡೇ ಇಲ್ಲ” ಅಂದೆ.

ಅಂದದ್ದಕ್ಕೆ ಕೆಡುಕೆನಿಸಿಲ್ಲ. ಆದರೆ ಆಕೆ ಬರೀ ಬೆದರಿಸುವವಳಲ್ಲ.

11-11-1981

ಗದಗಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದೆವು. ಬಾಡಿಗೆ ಕಾರು, ಗಾಜು ಏರಿಸಿ. ದಾರಿಯುದ್ದಕ್ಕೂ ಮಾಸುಮಬಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ತಾಯತ ಆಗಿದೆ, ದುವಾ ಓದಿ ಊದಿಸಿದ ನೀರು ಆಗಿದೆ. ಈತ ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆ ಕಲಿತು ಬಂದ ಡಾಕ್ಟರ್. ಚಿಕ್ಕ ವಯಸ್ಸು. ಗುಳಿಗೆ ಬರೆದುಕೊಡುತ್ತಾನೆ ಅಂದುಕೊಂಡಿದ್ದೆ. ನಾಯಿಯನ್ನೇ ಬರೆದುಕೊಟ್ಟ.

ಮೊದಲು ದೂರದಿಂದ ನೋಡಬೇಕಂತೆ. ದಿನಾ ಸ್ವಲ್ಪ ಹತ್ತಿರ. ಹೆದರಿಕೆ ಏರುತ್ತದೆ, ಎದ್ದು ಓಡಬಾರದು, ಕೂತರೆ ತಾನೇ ಇಳಿಯುತ್ತದೆ. ಓಡಿದರೆ ಮಾತ್ರ ಬೆಳೆಯುತ್ತದೆ.

“ನೀವು ಬಡಿಗಿ ಹಿಡಕೊಂಡು ಮುಂದ ಹೋಗ್ತೀರಲ್ರಿ ಅಮ್ಮಾರ, ಅದ ಆಕಿಗೆ ಹೆದರಿಕಿ ಕಲಿಸಾಕ ಹತ್ತೇತಿ.”

ನನಗೆ ಹಾಗೆ ಹೇಳುವವರು ಕಡಿಮೆ. ಏಳಬೇಕೆಂದಿದ್ದೆ. ಮಾಸುಮಬಿ ಕೈ ಹಿಡಿದಳು. ಕೂತೆ.

14-11-1981

ನಾಯಿ... ಈ ಮನೆಗೆ.

ನಮ್ಮ ಅತ್ತೆ ನಾಯಿ ಮೂತಿ ಹಚ್ಚಿದ ಗಡಿಗೆಯನ್ನು ಏಳು ಸಲ ತೊಳೆಸುತ್ತಿದ್ದರು. ನಾಯಿ ಇದ್ದ ಮನೆಗೆ ಫರಿಸ್ತೆಗಳು, ದೇವದೂತರು, ಬರುವುದಿಲ್ಲ ಎಂದು ಕೇಳಿಯೇ ಬೆಳೆದವಳು ನಾನು. ಯಜಮಾನರನ್ನು ಕೇಳಿದೆ. “ನೀ ಹೇಳಿದಂಗ” ಅಂದರು. ಮದುವೆಯಾದಾಗಿನಿಂದ ಅದೇ ಉತ್ತರ.

ಮೌಲವಿಗಳ ಹತ್ತಿರ ನಾನೇ ಹೋದೆ. ಎಲ್ಲ ಕೇಳಿಕೊಂಡು ಹೇಳಿದರು:

“ಕುರಿ ಕಾಯಾಕ ನಾಯಿ ಇಟಗೋಬಹುದು, ಹೊಲ ಕಾಯಾಕ ಇಟಗೋಬಹುದು. ಇದು ಮಗಳ ಸಲುವಾಗಿ. ಅಂಗಳದಾಗ ಇರ್ಲಿ, ಒಳಗ ಬಿಡಬ್ಯಾಡ್ರಿ.”

20-11-1981

ಹಿಂದಿನ ಓಣಿಯ ಕುರುಬರ ಮೂಕಪ್ಪ ತನ್ನ ನಾಯಿ ಕರಿಯನನ್ನು ಹಗ್ಗ ಕಟ್ಟಿ ತಂದ.

“ಅಮ್ಮಾರ, ಇಷ್ಟ ವರ್ಷದಾಗ ನನಗ ಒಮ್ಮೆರ ಕುಂಡ್ರು ಅಂದಿಲ್ಲ ನೀವು. ಇವನ ನಸೀಬ ನೋಡ್ರಿ.”

ನಾನು ನಗಲಿಲ್ಲ. ಗೋಡೆಯಾಚೆಯಿಂದ ನೆರೆಯ ಹಾಜಿರಾಬಿ— “ರಹಿಮತಬಿ, ನಾಯಿಗೂ ಗಾದಿ ಹೊಲಿತೀಯೇನ?”

“ಹೊಲಿದ ಮ್ಯಾಲ ನಿನಗ ಹೇಳಿ ಕಳಸ್ತೀನಿ, ಅಳತಿ ನೋಡಾಕ ಬಾ.”

ಮಾಸುಮಬಿ ಕಿಟಕಿಯ ಹಿಂದೆ ಕೂತಳು. ಬೆವರು. ಹಲ್ಲು ಕಟಕಟ. ನಾನು ಗೋಡೆಗೆ ಮುಖ ಮಾಡಿ ನಿಂತೆ. ಎಷ್ಟೋ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ, “ಅಮ್ಮಾ, ಖರೇನ ಇಳೀತು.”

2-12-1981

ಇವತ್ತು ಮಾಸುಮಬಿ ಪಡಸಾಲೆಗೆ ಬಂದಿದ್ದಳು. ಕಟ್ಟೆಯ ತುದಿಗೆ. ನಾಯಿ ಅಂಗಳದಲ್ಲಿ ಮಲಗಿತ್ತು. ಎದ್ದು ಮೈ ಝಾಡಿಸಿತು. ಅವಳು ಚೀರಿದಳು.

ಬಡಿಗೆ ನನ್ನ ಕೈಗೆ ಯಾವಾಗ ಬಂತೋ. ಹೊಡೆದೆ. ನಾಯಿ ಕಿರುಚಿತು. ಅವಳು ಒಳಗೆ ಓಡಿ ಅಗುಳಿ ಹಾಕಿಕೊಂಡಳು. ಮೂಕಪ್ಪ ಹಗ್ಗ ಬಿಚ್ಚಿ ನಾಯಿಯನ್ನು ಕರೆದುಕೊಂಡು ಹೋದ.

3-12-1981

ಮಾಸುಮಬಿ ಊಟ ಮಾಡಲಿಲ್ಲ. ಬಾಗಿಲ ಹಿಂದಿನಿಂದಲೇ ಹೇಳಿದಳು.

“ಅದು ನನ್ನ ಕಡೆ ನೋಡ್ಲೂ ಇಲ್ಲಮ್ಮಾ. ನಾ ಚೀರಿದ್ರೂ ಕುಂಡ್ರತಿದ್ದೆ. ನೀ ಹೊಡದಿ. ನೀ ಹೊಡದ ಮ್ಯಾಲ ಅದು ಕಚ್ಚಾಕ ಬಂದಿತ್ತು ಅಂತ ನನಗೂ ಅನಸ್ತು.”

19-12-1981

ಮತ್ತೆ ಕಿಟಕಿ ಮುಚ್ಚಿ ಕೂತಿದ್ದಾಳೆ. ಮುಂಡರಗಿಯಿಂದ ಖಬರು ಬಂದಿದೆ— ಕೊರ್ಲಹಳ್ಳಿಯಲ್ಲಿ ಹೆಣ್ಣು ನೋಡಿದ್ದಾರಂತೆ.

ಮೂಕಪ್ಪನ ಮನೆಗೆ ಹೋದೆ. ಇದುವರೆಗೆ ಆ ಓಣಿಗೆ ಕಾಲಿಟ್ಟಿರಲಿಲ್ಲ. ತಪ್ಪಾಯಿತು ಎಂಬ ಮಾತು ಬಾಯಿಗೆ ಬರಲಿಲ್ಲ. ನಾಯಿ ಬೇಕು ಅಂದೆ.

“ಬಡಿಗಿ ನನ್ನ ಕೈಯಾಗ ಕೊಟ್ರ ತರ್ತೀನ್ರಿ.”

ಕೊಟ್ಟೆ. ಒಲೆಗೆ ಹಾಕು ಅಂದೆ. ಮಗಳದು ಇನ್ನೊಂದು ಕರಾರು: ನಾಯಿ ಬಂದಾಗ ನಾನು ಹಿತ್ತಲಲ್ಲಿರಬೇಕು. ನನ್ನ ಮನೆಯಲ್ಲಿ ನನಗೆ ಹಿತ್ತಲು. ಆಗಲಿ.

30-1-1982

ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಮುಂದಿನ ಅಂಗಳದಿಂದ ಮಾಸುಮಬಿಯ ದನಿ— “ಸಾಕಲೇ, ನಿನ್ನ ಪಾಲು ತಿಂದಿ, ನನ್ನ ರೊಟ್ಟಿ ಯಾಕ ನೋಡ್ತಿ?”

ಯಾರ ಜೊತೆ ಮಾತಾಡುತ್ತಿದ್ದಾಳೆ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಒಳಗೆ ಬಂದು ಕೈ ತೊಳೆದಳು, ಮತ್ತೆ ಮತ್ತೆ ತೊಳೆದಳು. ನಮಾಜಿಗೆ ನಿಂತಳು.

21-2-1982, ಮಧ್ಯಾಹ್ನ

ಅಳಿಯ ಅಲ್ಲಾಉದ್ದೀನ ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ. ತಾಯಿಗೆ ಹೇಳದೆ ಬಂದನಂತೆ. ಟಾಂಗಾ ತರುತ್ತೇನೆ ಅಂದ. ಮಾಸುಮಬಿ ಬೇಡ ಅಂದಳು. “ನೀವು ಟ್ರಂಕು ತಗೊಂಡು ಮುಂದ ನಡೀರಿ. ನಾ ಒಬ್ಬಾಕಿನ ಬರ್ತೀನಿ.”

ಬಸ್‌ಸ್ಟ್ಯಾಂಡಿನ ದಾರಿ ಖಾಟಿಕರ ಅಂಗಡಿಗಳ ಮುಂದೆಯೇ ಹೋಗುತ್ತದೆ. ಮಾಂಸ ಮಾರುವ ಜಾಗ, ಅಲ್ಲಿ ನಾಯಿಗಳ ಹಿಂಡೇ ಇದೆ.

ಹೊಸ್ತಿಲಲ್ಲಿ ನಿಂತು ನನಗೆ ಹೇಳಿದಳು: “ಅಮ್ಮಾ, ಬಾಗಲಾ ಮುಚ್ಚು. ಹಿಂದ ಬರಬ್ಯಾಡ. ನನಗ ಆಗಲಿಲ್ಲಂದ್ರ ನಾನ ಬಂದು ಬಾಗಲಾ ಬಡೀತೀನಿ.”

ಮುಚ್ಚಿದೆ. ಬರೆಯಲು ಕೂತಿದ್ದೇನೆ, ಕೈಗೆ ಏನಾದರೂ ಬೇಕು.

ನಾಯಿ ಬೊಗಳುತ್ತಿದೆ. ಒಂದಲ್ಲ, ಎರಡು ಮೂರು.

ಏಳುವುದಿಲ್ಲ. ಕೂತರೆ ತಾನೇ ಇಳಿಯುತ್ತದೆ ಅಂದಿದ್ದ ಡಾಕ್ಟರ್. ಹೋಗಿ ಬಾ ಎಂದು ಕೂಡ ಹೇಳಲಿಲ್ಲ ಅವಳಿಗೆ.

ಈಗ ಸದ್ದಿಲ್ಲ. ಸದ್ದಿಲ್ಲದ್ದು ಇನ್ನೂ ಕಷ್ಟ.

ಬಸ್ಸಿನ ಹಾರ್ನು... ಶಿರಹಟ್ಟಿ ಕಡೆಗೆ ತಿರುಗಿತು. ಹೋಯಿತು.

ಬಾಗಿಲು ಯಾರೂ ಬಡಿದಿಲ್ಲ. ಇನ್ನು ಬಡಿಯುವುದೂ ಇಲ್ಲ.